ಅಪ್ಪನ ಜೀಪಿಗೆ ಬೇರೆ ಎಂಜಿನ್ ಕೂರಿಸಬಹುದೇ?

ಪ್ರಶ್ನೆ: ನಮ್ಮ ತಂದೆಯವರು 1971ರಲ್ಲಿ ಹೊಸದಾಗಿ ಕೊಂಡ ಮಹೀಂದ್ರ ಜೀಪು ಇಂದಿಗೂ ಮನೆಯಲ್ಲಿದೆ. ಪೆಟ್ರೋಲ್ ಎಂಜಿನ್. ಈಗ ಆಯಿಲ್ ಕುಡಿಯುತ್ತಿದೆ, ವಿಪರೀತ ಹೊಗೆ. ‘ಇದನ್ನು ಇಳಿಸಿ ಡೀಸೆಲ್ ಎಂಜಿನ್ ಕೂರಿಸೋಣ, ಗದ್ದೆಗೂ ಆಗುತ್ತದೆ, ಊರಿಗೂ ಆಗುತ್ತದೆ’ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಇದಕ್ಕೆ ಆರ್‌ಟಿಒ ಒಪ್ಪಿಗೆ ಬೇಕೇ?
– ಓದುಗರು, ಸಿಂಧನೂರು

ಉತ್ತರ: ಬೇಕು. ಅದೂ ಎಂಜಿನ್ ಇಳಿಸುವ ಮೊದಲೇ ಬೇಕು. ನಿಮ್ಮ ಮೆಕ್ಯಾನಿಕ್ ಹೇಳುವ ಡೀಸೆಲ್ ಎಂಜಿನ್‌ಗೆ ಆ ಒಪ್ಪಿಗೆ ಸಿಗುವುದು ಬಹಳ ಕಷ್ಟ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ.

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನಲ್ಲಿ ಇದರ ಮೂಲವಿದೆ. ಆರ್‌ಸಿಯಲ್ಲಿ (ನೋಂದಣಿ ಪ್ರಮಾಣಪತ್ರದಲ್ಲಿ) ಬರೆದಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿದಿದೆ. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿ ಮುಂತಾದವುಗಳಿಂದ ಓಡಿಸಲು ಕಿಟ್ ಅಳವಡಿಸುವುದಕ್ಕೆ ಕಾಯ್ದೆ ದಾರಿ ಬಿಟ್ಟಿದೆ. ಆದರೆ ಆ ಕಿಟ್ ಪುಣೆಯ ಎಆರ್‌ಎಐನಂತಹ ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಯಿಂದ ಅನುಮೋದನೆ ಪಡೆದಿರಬೇಕು. ಗುಜರಿಯಿಂದ ತಂದು, ಮೌಂಟಿಂಗ್ ಕತ್ತರಿಸಿ, ವೆಲ್ಡಿಂಗ್ ಮಾಡಿ ಕೂರಿಸಿದ ಡೀಸೆಲ್ ಎಂಜಿನ್‌ಗೆ ಅಂತಹ ಕಾಗದ ಎಲ್ಲಿಂದ ಬರಬೇಕು? ಆರ್‌ಸಿಯಲ್ಲಿ ಇಂಧನ ‘ಪೆಟ್ರೋಲ್’ ಎಂದೇ ಇರುತ್ತದೆ, ಟ್ಯಾಂಕಿನಲ್ಲಿ ಡೀಸೆಲ್ ಇರುತ್ತದೆ.

ಅದೇ ಮಾದರಿಯ, ಅದೇ ಇಂಧನದ ಇನ್ನೊಂದು ಎಂಜಿನ್ ಹಾಕಿಸುವುದು ಇಷ್ಟು ತೊಡಕಿನದಲ್ಲ. ಅಲ್ಲಿ ಬದಲಾಗುವುದು ಮುಖ್ಯವಾಗಿ ಎಂಜಿನ್ ನಂಬರ್. ಮೊದಲು ನಿಮ್ಮ ಆರ್‌ಟಿಒ ಕಚೇರಿಗೆ ಅರ್ಜಿ ಕೊಟ್ಟು ಒಪ್ಪಿಗೆ ಪಡೆಯಿರಿ. ಎಂಜಿನ್ ಕೊಂಡ ಬಿಲ್ ಇರಲಿ. ಅದು ಯಾವುದೋ ಹಳೆಯ ಗಾಡಿಯಿಂದ ಬಿಚ್ಚಿದ್ದಾದರೆ ಆ ಗಾಡಿಯ ಕಾಗದವನ್ನೂ ಕೇಳಿ ಪಡೆಯಿರಿ. ಆ ನಂಬರಿನ ವಾಹನ ಕಳುವಾಗಿದೆಯೇ ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ‘ವಾಹನ ಸಮನ್ವಯ’ ಸೇವೆಯಲ್ಲಿ ನೋಡಬಹುದು. ದುಡ್ಡು ಕೊಡುವ ಮೊದಲೇ ನೋಡಿ. ಕೂರಿಸಿದ ಮೇಲೆ ಗಾಡಿಯನ್ನು ತಪಾಸಣೆಗೆ ಒಯ್ದು, ಹೊಸ ನಂಬರನ್ನು ಆರ್‌ಸಿಯಲ್ಲಿ ಬರೆಸಿಕೊಳ್ಳಬೇಕು. ಒಪ್ಪಿಗೆ ಇಲ್ಲದೆಯೇ ಎಂಜಿನ್ ಬದಲಾಗಿಬಿಟ್ಟಿದ್ದರೆ 14 ದಿನಗಳೊಳಗೆ ಆರ್‌ಸಿ ಮತ್ತು ಶುಲ್ಕದೊಂದಿಗೆ ವರದಿ ಮಾಡಬೇಕೆಂದು ಅದೇ ಕಲಮು ಹೇಳುತ್ತದೆ. ಇದನ್ನು ‘ಮೊದಲು ಹಾಕಿಸು, ಆಮೇಲೆ ನೋಡೋಣ’ ಎಂಬುದಕ್ಕೆ ಪರವಾನಗಿ ಎಂದು ತಿಳಿಯಬೇಡಿ. ನಿಯಮ ಒಪ್ಪದ ಮಾರ್ಪಾಡಿಗೆ 2019ರ ತಿದ್ದುಪಡಿಯ ಪ್ರಕಾರ ಆರು ತಿಂಗಳವರೆಗೆ ಸಜೆ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಇವೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ‘ಹಳೆಯ ನಂಬರನ್ನೇ ಹೊಸ ಎಂಜಿನ್ ಮೇಲೆ ಪಂಚ್ ಮಾಡಿಕೊಡುತ್ತೇವೆ, ಯಾರಿಗೂ ಗೊತ್ತಾಗುವುದಿಲ್ಲ’ ಎನ್ನುವವರು ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ. ಅದು ಬರೀ ದಂಡ ಕಟ್ಟಿ ಮುಗಿಸುವ ವಿಷಯವಲ್ಲ, ಕ್ರಿಮಿನಲ್ ಮೊಕದ್ದಮೆಗೆ ದಾರಿ. ಗೊತ್ತಾಗುವುದಿಲ್ಲ ಎಂಬುದೂ ಸುಳ್ಳು. ಹೊಸಪೇಟೆಯ ಗೆಳೆಯರೊಬ್ಬರ ಅಂಬಾಸಿಡರ್ ನೋಂದಣಿ ನವೀಕರಣಕ್ಕೆ ಹೋದಾಗ ನಾನೂ ಜೊತೆಗಿದ್ದೆ. ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿಸಿದರು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಬ್ಲಾಕಿನ (ಸಿಲಿಂಡರುಗಳಿರುವ ಎಂಜಿನ್‌ನ ಮುಖ್ಯ ಭಾಗ) ಜಿಡ್ಡು ಒರೆಸಿಸಿದರು. ಅದರ ಮೇಲೆ ತೆಳ್ಳನೆಯ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಅಂಕಿಗಳು ಒಂದೊಂದಾಗಿ ಬಿಳಿಯಾಗಿ ಮೂಡಿದವು. ಅವುಗಳಲ್ಲಿ ಎರಡು ಅಂಕಿ ಉಳಿದವುಗಳಿಗಿಂತ ಆಳವಾಗಿದ್ದವು, ಸ್ವಲ್ಪ ವಾಲಿದ್ದವು. ಗೆಳೆಯರಿಗೆ ಗಾಡಿ ಮಾರಿದವರು ಯಾವ ಕಾಲದಲ್ಲಿ ಏನು ಮಾಡಿಸಿದ್ದರೋ, ಉತ್ತರ ಹೇಳಬೇಕಾದವರು ಮಾತ್ರ ಇವರಾದರು.

ಇನ್ನು ನಿಮ್ಮ ಜೀಪಿನ ವಿಷಯ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ನಿಯಮ ತಂದಿದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಗಳ ಅವಧಿ, ನಂಬರಿನಲ್ಲಿ ‘ವಿಎ’ ಎಂಬ ಅಕ್ಷರಗಳು. 1971ರ ನಿಮ್ಮ ಜೀಪು ವಯಸ್ಸಿನ ಲೆಕ್ಕದಲ್ಲಿ ಆಗಲೇ ಅರ್ಹ. ಆದರೆ ಚಾಸಿ, ಬಾಡಿ ಅಥವಾ ಎಂಜಿನ್ ಮಾರ್ಪಾಡಾಗಿದ್ದರೆ ಆ ಅರ್ಹತೆ ಹೋಗುತ್ತದೆ. ಡೀಸೆಲ್ ಎಂಜಿನ್ ಒಳಗೆ ಕೂತ ದಿನವೇ ಆ ಬಾಗಿಲು ಮುಚ್ಚಿತು. ಹಾಗೆಂದು ವಿಂಟೇಜ್ ನೋಂದಣಿ ಎಲ್ಲರಿಗೂ ಹೊಂದುವುದಿಲ್ಲ. ಪ್ರದರ್ಶನ, ರ್‍ಯಾಲಿ, ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಇಷ್ಟಕ್ಕೆ ಮಾತ್ರ ರಸ್ತೆಗೆ ತರಬಹುದು. ದಿನವೂ ಕಾಲುವೆ ದಾರಿಯಲ್ಲಿ ಗದ್ದೆಗೆ ಹೋಗಿಬರಬೇಕೆಂದರೆ ಮಾಮೂಲು ನೋಂದಣಿಯನ್ನೇ ಐದು ವರ್ಷಕ್ಕೊಮ್ಮೆ ನವೀಕರಿಸಿಕೊಂಡು ಹೋಗಿ.

ನನ್ನನ್ನು ಕೇಳಿದರೆ ಹಳೆಯ ಎಂಜಿನ್ನನ್ನೇ ಉಳಿಸಿಕೊಳ್ಳಿ. ಆ ಕಾಲದ ಪೆಟ್ರೋಲ್ ಜೀಪಿನಲ್ಲಿ ಸಾಮಾನ್ಯವಾಗಿ ಇರುವುದು 2,199 ಸಿಸಿಯ, ನಾಲ್ಕು ಸಿಲಿಂಡರಿನ ಹರಿಕೇನ್ ಎಂಜಿನ್. ಇನ್‌ಲೆಟ್ ವಾಲ್ವ್ ಮೇಲೆ ಹೆಡ್‌ನಲ್ಲಿ, ಎಕ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕಿನಲ್ಲಿ: ಈಗಿನ ಗಾಡಿಗಳಲ್ಲಿ ಕಾಣಸಿಗದ ಕಟ್ಟಣೆ. ಆಯಿಲ್ ಕುಡಿಯುವುದು, ಹೊಗೆ ಬರುವುದು ಎಂದರೆ ಬಹುಪಾಲು ಪಿಸ್ಟನ್ ರಿಂಗ್, ಬೋರ್ (ಸಿಲಿಂಡರಿನ ಒಳಗೋಡೆ), ವಾಲ್ವ್ ಗೈಡ್ ಸವೆದಿರುತ್ತವೆ. ಬ್ಲಾಕ್ ಸೀಳಿರದಿದ್ದರೆ ಬೋರಿಂಗ್ ಮಾಡಿಸಿ, ಅಗತ್ಯವಿದ್ದರೆ ಸಿಲಿಂಡರಿನೊಳಗೆ ಹೊಸ ಸ್ಲೀವ್ (ಲೋಹದ ಕೊಳವೆ) ಹಾಕಿಸಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ ಮತ್ತೆ ಕಟ್ಟಬಹುದು. ಲೇತ್ ಮತ್ತು ಬೋರಿಂಗ್ ಕೆಲಸ ಬಲ್ಲ ಹಿರಿಯ ಮಿಸ್ತ್ರಿಗಳು ನಮ್ಮ ಭಾಗದಲ್ಲಿ ಇನ್ನೂ ಇದ್ದಾರೆ. ಅವರ ಕೈ ನಡೆಯುತ್ತಿರುವಾಗಲೇ ಈ ಕೆಲಸ ಮಾಡಿಸಿಕೊಳ್ಳಬೇಕು. ಎಂಜಿನ್ ನಂಬರ್ ಬದಲಾಗದ ಕಾರಣ ಇದಕ್ಕೆ ಎಂಜಿನ್ ಬದಲಾವಣೆಯ ಅರ್ಜಿ ಬೇಡ.

ನೀವು ಕೇಳದಿದ್ದರೂ ಹೇಳಬೇಕಾದ ಇನ್ನೊಂದು ವಿಷಯವಿದೆ. ಆರ್‌ಸಿ ಇನ್ನೂ ತಂದೆಯವರ ಹೆಸರಿನಲ್ಲೇ ಇದೆಯೇ? ಅವರು ತೀರಿಕೊಂಡಿದ್ದರೆ 31ನೇ ನಮೂನೆಯಲ್ಲಿ ಅರ್ಜಿ ಹಾಕಿ ಮೊದಲು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ನಿಯಮದ ಪ್ರಕಾರ ಇದಕ್ಕೆ ಮೂರು ತಿಂಗಳ ಗಡುವು. ಎಷ್ಟೋ ಮನೆಗಳಲ್ಲಿ ವರ್ಷಗಳೇ ಉರುಳಿರುತ್ತವೆ. ಹಾಗಾಗಿದ್ದರೆ ಇನ್ನಷ್ಟು ತಡಮಾಡಬೇಡಿ. ಆ ಕಾಲದಲ್ಲಿ ಸಾಲ ತೆಗೆದು ಕೊಂಡ ಜೀಪಾದರೆ ಬ್ಯಾಂಕಿನ ಹೆಸರೂ ಆರ್‌ಸಿಯಲ್ಲಿ ಉಳಿದಿರಬಹುದು. ಸಾಲ ಎಂದೋ ತೀರಿದ್ದರೂ 35ನೇ ನಮೂನೆಯಲ್ಲಿ ಬ್ಯಾಂಕಿನ ಸಹಿ ಪಡೆದು ಅದನ್ನು ತೆಗೆಸಬೇಕು. ಇವು ಮುಗಿಯದೆ ಎಂಜಿನ್ ಅರ್ಜಿ ಮುಂದೆ ಹೋಗುವುದು ಕಷ್ಟ.

ಮುಂದೆ ಒಪ್ಪಿಗೆ ಪಡೆದು ಎಂಜಿನ್ ಬದಲಿಸಿದರೆ, ಹೊಸ ಆರ್‌ಸಿಯ ನಕಲನ್ನು ವಿಮಾ ಕಂಪನಿಗೂ ಕೊಟ್ಟು ಪಾಲಿಸಿಯಲ್ಲಿ ನಂಬರ್ ತಿದ್ದಿಸಿ. ಇವತ್ತಿಗೆ ಒಂದೇ ಕೆಲಸ: ಬಾನೆಟ್ ಎತ್ತಿ, ಬ್ಲಾಕಿನ ಮುಂಭಾಗದಲ್ಲಿ ನೀರಿನ ಪಂಪು ಕೂರುವ ಜಾಗವನ್ನು ಒರೆಸಿ ನೋಡಿ. ಹರಿಕೇನ್ ಎಂಜಿನ್ ಆಗಿದ್ದರೆ ನಂಬರ್ ಅಲ್ಲಿರುತ್ತದೆ. ಅದನ್ನು ಆರ್‌ಸಿಯೊಂದಿಗೆ ಒಂದೊಂದೇ ಅಂಕಿ ಹೋಲಿಸಿ, ಆಮೇಲೆ ಮೆಕ್ಯಾನಿಕ್‌ಗೆ ಫೋನ್ ಮಾಡಿ.