ಚಿತ್ರ ತಿರಸ್ಕಾರ, 60 ಡೆಸಿಬೆಲ್

ಡಿಪ್ಲೊಮಾ ಹುಡುಗರಿಗಾಗಿ ಕನ್ನಡದಲ್ಲಿ ಪಾಠ ಬರೆಯುತ್ತಿರುವ ಮೇಷ್ಟ್ರೊಬ್ಬರು ಕಳೆದ ತಿಂಗಳು ರೇಡಿಯೋ ಅಧ್ಯಾಯ ಕಳಿಸಿದ್ದರು. ‘ಒಂದ್ಸಲ ಕಣ್ಣಾಡಿಸಿ ಕೊಡಿ ಸರ್’ ಎಂದಿದ್ದರು. ಪಾಠ ಚೆನ್ನಾಗಿಯೇ ಇತ್ತು. ಒಳ್ಳೆಯ ರಿಸೀವರ್‌ಗೆ ಏನೇನು ಗುಣ ಇರಬೇಕು ಎಂಬ ಪಟ್ಟಿಯಲ್ಲಿ ಮಾತ್ರ ಒಂದು ಸಾಲು ಹೀಗಿತ್ತು: ‘ಚಿತ್ರ ತಿರಸ್ಕಾರ: 60 ಡೆಸಿಬೆಲ್.’

ನಗು ಬಂತು. ರೇಡಿಯೋದೊಳಗೆ ಚಿತ್ರ ಎಲ್ಲಿಂದ ಬಂತು? ಬಂದದ್ದನ್ನು ತಿರಸ್ಕರಿಸಿದವರು ಯಾರು? ‘ಇಮೇಜ್’ ಅನ್ನುವ ಬೇಡದ ಸಿಗ್ನಲ್ಲನ್ನು ಕುಗ್ಗಿಸುವ ಗುಣಕ್ಕೆ ರೇಡಿಯೋದವರು ಹೇಳುವ ‘ಇಮೇಜ್ ರಿಜೆಕ್ಷನ್’ ಅನ್ನೋದನ್ನು ಮೇಷ್ಟ್ರು ಡಿಕ್ಷನರಿ ಇಟ್ಟುಕೊಂಡು ಕನ್ನಡ ಮಾಡಿದ್ದರು. ಆ ಸಾಲನ್ನು ಹೊಡೆದುಹಾಕಿದೆ. ಆಮೇಲೆ ಅಲ್ಲಿ ಏನು ಬರೆಯಬೇಕು ಅಂತ ನನಗೂ ತೋಚಲಿಲ್ಲ. ಇಪ್ಪತ್ತೈದು ವರ್ಷದಿಂದ ರಿಸೀವರ್ ಡಿಸೈನ್ ಮಾಡಿಕೊಂಡೇ ಹೊಟ್ಟೆ ಹೊರೆಯುತ್ತಿದ್ದೇನೆ. ದಿನಕ್ಕೆ ಹತ್ತು ಸಲ ಬಾಯಲ್ಲಿ ಬರುವ ಮಾತು, ಕನ್ನಡದಲ್ಲಿ ಹೇಳು ಅಂದರೆ ನಾಲಗೆ ಏಳಲಿಲ್ಲ.

ನಮ್ಮ ಮನೆಯಲ್ಲೇ ಈ ಎರಡು ಪದಗಳ ಕಥೆ ಒಬ್ಬೊಬ್ಬರಿಗೆ ಒಂದೊಂದು. ಅಡುಗೆಮನೆಯಲ್ಲಿ ಆರ್‌ಒ ಫಿಲ್ಟರಿನ ಪಕ್ಕದಿಂದ ಸಣ್ಣ ಪೈಪೊಂದು ಬಕೆಟ್ಟಿಗೆ ಬಿಟ್ಟಿದೆ. ಅದರಲ್ಲಿ ಬರೋದು ‘ರಿಜೆಕ್ಟ್ ವಾಟರ್’. ನೆಲ ಒರೆಸೋದು ಅದರಲ್ಲೇ. ಅಲ್ಲಿ ರಿಜೆಕ್ಟ್ ಆದದ್ದು ಕಣ್ಣಿಗೆ ಕಾಣುತ್ತದೆ, ಬಕೆಟ್ ತುಂಬುತ್ತದೆ. ಎಸಿಯ ಹೊರಗಿನ ಡಬ್ಬಿ ಬಿಸಿಗಾಳಿ ಊದುತ್ತದಲ್ಲ, ಎಂಜಿನಿಯರುಗಳು ಅದನ್ನು ‘ಹೀಟ್ ರಿಜೆಕ್ಷನ್’ ಅನ್ನುತ್ತಾರೆ. ಅದೂ ಹೀಗೇ, ಒಳಗಿನ ಬೇಡವಾದದ್ದನ್ನು ಹೊರಗೆ ಚೆಲ್ಲುವ ಕೆಲಸ.

ನನ್ನ ತಂಗಿ ಎಕ್ಸ್‌ರೇ ಟೆಕ್ನಿಶಿಯನ್. ಅವಳಿಗೆ ‘ರಿಜೆಕ್ಟೆಡ್ ಇಮೇಜ್’ ಅಂದರೆ ತಲೆನೋವು. ರೋಗಿ ಅಲುಗಾಡಿದ, ಉಸಿರು ಹಿಡಿಯಲಿಲ್ಲ, ಭುಜ ಅಡ್ಡ ಬಂತು, ಸರ ತೆಗೀರಿ ಅಂದರೂ ತಾಳಿ ತೆಗೆಯಲಿಲ್ಲ. ಚಿತ್ರ ಕೆಟ್ಟಿತು ಅಂದರೆ ಇನ್ನೊಂದು ತೆಗೆಯಬೇಕು, ಆ ಮನುಷ್ಯನ ಮೈಗೆ ಇನ್ನೊಂದು ಸಲ ಕಿರಣ ಬೀಳುತ್ತದೆ. ಫಿಲಂ ಇದ್ದ ಕಾಲದಲ್ಲಿ ಕೆಟ್ಟ ಫಿಲಂಗಳೆಲ್ಲ ಒಂದು ಡಬ್ಬಿಗೆ ಬೀಳುತ್ತಿದ್ದವು, ತಿಂಗಳ ಕೊನೆಗೆ ಎಣಿಸಬಹುದಿತ್ತು. ಈಗ ಡಿಜಿಟಲ್. ಒಂದು ಬಟನ್ ಒತ್ತಿದರೆ ಕೆಟ್ಟದ್ದು ಮಾಯ. ಹಾಗಾಗಿ ಎಷ್ಟು ರಿಜೆಕ್ಟ್ ಆಯಿತು, ಯಾಕೆ ಆಯಿತು ಅಂತ ಬೇಕೆಂದೇ ಲೆಕ್ಕ ಇಡಬೇಕಾಗುತ್ತದೆ. ಮೇಷ್ಟ್ರ ‘ಚಿತ್ರ ತಿರಸ್ಕಾರ’ ಎಲ್ಲಾದರೂ ಹೊಂದುತ್ತದೆ ಅಂದರೆ ಅದು ತಂಗಿಯ ಡಿಪಾರ್ಟ್‌ಮೆಂಟಿಗೆ. ರಾಜಕಾರಣಿಯ ಇಮೇಜ್ ‘ವರ್ಚಸ್ಸು’, ಕೋರ್ಟಿನ ರಿಜೆಕ್ಷನ್ ‘ವಜಾ’. ಅವೆರಡಕ್ಕೂ ಕನ್ನಡದಲ್ಲಿ ಗಟ್ಟಿಯಾದ ಪದ ಇದೆ, ಚಿಂತೆಯಿಲ್ಲ.

ರೇಡಿಯೋದ ಇಮೇಜ್ ಮಾತ್ರ ಬೇರೆಯೇ ಪ್ರಾಣಿ. ಅದನ್ನು ನಾನು ಮೊದಲು ನೋಡಿದ್ದು ಎಂಬತ್ತರ ದಶಕದಲ್ಲಿ, ಶಿವಮೊಗ್ಗದಲ್ಲಿ, ಸೋದರಮಾವನ ರಿಪೇರಿ ಅಂಗಡಿಯಲ್ಲಿ. ನೋಡಿದ್ದಲ್ಲ, ಕೇಳಿದ್ದು.

ಗಿರಾಕಿಯೊಬ್ಬರು ಮೂರು ಬ್ಯಾಂಡಿನ ರೇಡಿಯೋ ಹೊತ್ತು ತಂದಿದ್ದರು. ಹಿಂದಿನ ವಾರ ಮಾವನೇ ರಿಪೇರಿ ಮಾಡಿ ಕೊಟ್ಟಿದ್ದ ಸೆಟ್ಟು. ಮುಖದಲ್ಲಿ ನಗು.

‘ಏನ್ ಮಾಡಿದ್ರಿ ಮಾರಾಯ್ರೇ! ಸಿಲೋನು ಎರಡು ಕಡೆ ಬರ್ತಾ ಇದೆ.’

ಮಾವ ಶಾರ್ಟ್‌ವೇವ್‌ಗೆ ಹಾಕಿ ನಾಬ್ ತಿರುಗಿಸಿದರು. 25 ಮೀಟರ್ ಗುರುತಿನ ಹತ್ತಿರ, ಅಂದರೆ 11.8 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ರೇಡಿಯೋ ಸಿಲೋನ್ ಹಾಡುತ್ತಿತ್ತು. ಮುಳ್ಳನ್ನು ಕೆಳಗೆ ಎಳೆದರು. 10.9ರ ಹತ್ತಿರ ಅದೇ ಹಾಡು, ಅದೇ ಸಾಲು, ಸ್ವಲ್ಪ ಕ್ಷೀಣ. ಮಾವ ನನ್ನ ಕಡೆ ತಿರುಗಿ, ‘ಮೇಲಿಂದು ಅಸಲಿ, ಕೆಳಗಿಂದು ಇಮೇಜು. ನೆನಪಿಟ್ಕೋ’ ಅಂದರು. ಯಾಕೆ ಅಂತ ಹೇಳಲಿಲ್ಲ. ಅವರಿಗೂ ಗೊತ್ತಿತ್ತೋ ಇಲ್ಲವೋ. ಆದರೆ ನಮ್ಮ ದೇಶದ ಮನೆಮನೆಯ ಸೆಟ್ಟಿಗೂ ಆ ಸೂತ್ರ ಸರಿಯಾಗಿತ್ತು.

ಕಾರಣ ಕೂಡಿಸಿ ಕಳೆಯುವ ಲೆಕ್ಕದಷ್ಟೇ ಸುಲಭ. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್. ಭದ್ರಾವತಿ 675. ಧಾರವಾಡ 765. ಒಂದೊಂದು ಸ್ಟೇಷನ್ನಿಗೂ ಬೇರೆ ಬೇರೆ ಫಿಲ್ಟರ್ ಇಡಲು ಆಗುವುದಿಲ್ಲ. ಅದಕ್ಕೆ ಅಮೆರಿಕದ ಎಂಜಿನಿಯರ್ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1918ರಲ್ಲಿ ಒಂದು ಉಪಾಯ ಹುಡುಕಿದ. ಯಾವ ಸ್ಟೇಷನ್ ಬಂದರೂ ಅದನ್ನು ಒಂದೇ ಫ್ರೀಕ್ವೆನ್ಸಿಗೆ ಇಳಿಸಿಬಿಡು, ಅಲ್ಲಿ ಒಂದೇ ಒಂದು ಒಳ್ಳೆಯ ಫಿಲ್ಟರ್ ಇಡು. ಆ ಒಂದೇ ಫ್ರೀಕ್ವೆನ್ಸಿಯೇ ನಮ್ಮ ಮಾಮೂಲಿ ರೇಡಿಯೋಗಳ 455 ಕಿಲೋಹರ್ಟ್ಸ್ ಐಎಫ್, ಅಂದರೆ ಇಂಟರ್‌ಮೀಡಿಯೆಟ್ ಫ್ರೀಕ್ವೆನ್ಸಿ, ನಡುವಿನ ಫ್ರೀಕ್ವೆನ್ಸಿ. ಇಳಿಸೋದಕ್ಕೆ ಸೆಟ್ಟಿನೊಳಗೇ ಒಂದು ಆಸಿಲೇಟರ್, ಅಂದರೆ ತಾನೇ ಒಂದು ಫ್ರೀಕ್ವೆನ್ಸಿ ಹುಟ್ಟಿಸುವ ಸರ್ಕ್ಯೂಟ್, ಇರುತ್ತದೆ. ನೀವು ಮುಳ್ಳನ್ನು 612ಕ್ಕೆ ಇಟ್ಟರೆ ಅದು 1067ರಲ್ಲಿ ಓಡುತ್ತದೆ. ಸ್ಟೇಷನ್ನನ್ನೂ ಆಸಿಲೇಟರನ್ನೂ ಬೆರೆಸುವ ಸರ್ಕ್ಯೂಟ್, ಮಿಕ್ಸರ್, ಎರಡರ ವ್ಯತ್ಯಾಸ ತೆಗೆಯುತ್ತದೆ. 1067ರಲ್ಲಿ 612 ಕಳೆದರೆ 455. ಬೆಂಗಳೂರು ಬಂತು.

ಎಡವಟ್ಟು ಇಲ್ಲೇ ಇದೆ. 1522ರಲ್ಲಿ 1067 ಕಳೆದರೂ 455. ಮಿಕ್ಸರ್‌ಗೆ ವ್ಯತ್ಯಾಸ ಎಷ್ಟು ಅನ್ನೋದಷ್ಟೇ ಗೊತ್ತು. ಬಂದವನು ಆಸಿಲೇಟರ್‌ನ ಮೇಲಿನವನೋ ಕೆಳಗಿನವನೋ, ಅದು ಕೇಳುವುದಿಲ್ಲ. ಮದುವೆ ಮನೆಗೆ ಕರೆಯದೆ ಬಂದವನಿದ್ದಾನಲ್ಲ, ಹಾಗೆ. ಹೆಣ್ಣಿನ ಕಡೆಯವರು ಅವನನ್ನು ಗಂಡಿನ ಕಡೆ ಅಂದುಕೊಳ್ಳುತ್ತಾರೆ, ಗಂಡಿನ ಕಡೆಯವರು ಹೆಣ್ಣಿನ ಕಡೆ ಅಂದುಕೊಳ್ಳುತ್ತಾರೆ. ‘ನೀವು ಯಾರ ಕಡೆ?’ ಅಂತ ಬಾಗಿಲಲ್ಲೇ ಕೇಳಿದರೆ ಆಯಿತು. ಒಮ್ಮೆ ಪಂಕ್ತಿಯಲ್ಲಿ ಕೂತು ಎಲೆ ಹಾಕಿಸಿಕೊಂಡ ಮೇಲೆ ಎಬ್ಬಿಸಲು ಆಗುತ್ತದಾ?

612ಕ್ಕೆ ಟ್ಯೂನ್ ಮಾಡಿದಾಗ ಒಳಗೆ ನುಗ್ಗುವ ಆ 1522ನ್ನು ‘ಇಮೇಜ್’ ಅನ್ನುತ್ತಾರೆ. ಅದು ಯಾವುದರ ಚಿತ್ರವೂ ಅಲ್ಲ, ಬೆಂಗಳೂರು ಸ್ಟೇಷನ್ನಿನ ನಕಲೂ ಅಲ್ಲ. ಬೇರೆ ಯಾರೋ, ಬೇರೆ ಕಾರ್ಯಕ್ರಮ. ಆಸಿಲೇಟರನ್ನು ಕನ್ನಡಿ ಅಂದುಕೊಂಡರೆ, 612 ಈ ಕಡೆ ಎಷ್ಟು ದೂರದಲ್ಲಿದೆಯೋ 1522 ಆ ಕಡೆ ಅಷ್ಟೇ ದೂರದಲ್ಲಿದೆ. ಹೆಸರು ಬಂದದ್ದು ಅಲ್ಲಿಂದ. ಹಾಗೆ ನೋಡಿದರೆ ‘ಪ್ರತಿಬಿಂಬ’ ಅಂದರೆ ಅರ್ಧ ಸರಿ. ಗಣಿತದವರ ಇಮೇಜ್ ಇದಕ್ಕೆ ಹತ್ತಿರ ಬಂದು ಉಲ್ಟಾ ಹೊಡೆಯುತ್ತದೆ. 2ರ ವರ್ಗ 4, ಮೈನಸ್ 2ರ ವರ್ಗವೂ 4. ಗಣಿತದವರು 4ನ್ನು ಅವೆರಡರ ಇಮೇಜ್ ಅನ್ನುತ್ತಾರೆ. ನಾವು ಮೈನಸ್ 2ನ್ನೇ 2ರ ಇಮೇಜ್ ಅನ್ನುತ್ತೇವೆ. ಕೈಯಲ್ಲಿರುವ 4ನ್ನು ನೋಡಿ ಅದು ಯಾವುದರಿಂದ ಬಂತು ಅಂತ ಹೇಳಲಾಗದು ಅನ್ನೋದು ಮಾತ್ರ ಇಬ್ಬರಿಗೂ ಒಂದೇ.

ಮಾವನ ಅಂಗಡಿಗೆ ವಾಪಸ್ ಹೋಗೋಣ. ಮುಳ್ಳು 10.9ರಲ್ಲಿದ್ದಾಗ ಆಸಿಲೇಟರ್ ಅದಕ್ಕಿಂತ 0.455 ಮೇಲೆ. ಅದಕ್ಕಿಂತ ಇನ್ನೊಂದು 0.455 ಮೇಲೆ ಸಿಲೋನು. ಒಟ್ಟು 0.91, ಅಂದರೆ 910 ಕಿಲೋಹರ್ಟ್ಸ್. ಸಿಲೋನು ಎರಡು ಕಡೆ ಪ್ರಸಾರವಾಗುತ್ತಿರಲಿಲ್ಲ. 11.8ರಲ್ಲಿ ಕರೆದು ಕೂರಿಸಿದ ಅತಿಥಿ, 10.9ರಲ್ಲಿ ಕರೆಯದೆ ಬಂದವನು. ಆಸಾಮಿ ಒಬ್ಬನೇ.

ಮೀಡಿಯಂ ವೇವ್‌ನಲ್ಲಿ ಯಾಕೆ ಈ ಕಾಟ ಅಷ್ಟಿಲ್ಲ? ಬಾಗಿಲು ಕಾಯುವವನು ಆಂಟೆನಾ ಕಾಯಿಲ್, ಫೆರೈಟ್ ರಾಡಿಗೆ ಸುತ್ತಿರುತ್ತದಲ್ಲ ಅದು, ಜೊತೆಗೆ ನಾಬ್ ತಿರುಗಿಸಿದರೆ ಒಳಗೆ ತಿರುಗುವ ಗ್ಯಾಂಗ್ ಕಂಡೆನ್ಸರ್. ಸಾಧಾರಣ ಕಾಯಿಲ್ ಇಟ್ಟುಕೊಂಡು ಲೆಕ್ಕ ಹಾಕಿದರೆ, 612ಕ್ಕೆ ಟ್ಯೂನ್ ಆದ ಕಾಯಿಲ್ 1522ರ ಸಿಗ್ನಲ್ಲನ್ನು ಸುಮಾರು ನೂರರಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಅದೇ ಗುಣದ ಕಾಯಿಲ್ 10.9ರಲ್ಲಿ ಇದ್ದರೆ 11.8ನ್ನು ಎಂಟರಲ್ಲಿ ಒಂದು ಪಾಲಿಗಷ್ಟೇ ಇಳಿಸುತ್ತದೆ. 910 ಕಿಲೋಹರ್ಟ್ಸ್ ಅನ್ನೋದು 612ರ ಮುಂದೆ ದೊಡ್ಡ ಅಂತರ, 10,900ರ ಮುಂದೆ ಬರೀ ಪಕ್ಕದ ಮನೆ.

ಇನ್ನೊಂದು ಮಜಾ ಇದೆ, ನಾನೇ ತಡವಾಗಿ ಗಮನಿಸಿದ್ದು. ನಮ್ಮಲ್ಲಿ ಮೀಡಿಯಂ ವೇವ್ ಸ್ಟೇಷನ್‌ಗಳು 9 ಕಿಲೋಹರ್ಟ್ಸ್‌ಗೆ ಒಂದರಂತೆ ಕೂತಿರುತ್ತವೆ. 612, 675, 765 ಎಲ್ಲವೂ 9ರ ಮಗ್ಗಿಯಲ್ಲೇ ಬರುತ್ತವೆ. ಇಮೇಜ್ ಇರೋದು 910 ದೂರದಲ್ಲಿ. 909 ಆಗಿದ್ದರೆ 9ರ ಮಗ್ಗಿಗೆ ಸಿಗುತ್ತಿತ್ತು, ಒಂದು ಜಾಸ್ತಿ. 612ರ ಬೆಂಗಳೂರು 455ಕ್ಕೆ ಇಳಿದರೆ, 1521ರಲ್ಲಿ ಕೂತವನು 454ಕ್ಕೆ ಇಳಿಯುತ್ತಾನೆ. ಅದಕ್ಕೇ ಇಮೇಜ್ ನುಗ್ಗಿದಾಗ ಮಾತಿನ ಹಿಂದೆ ಸಣ್ಣಗೆ ‘ಕುಯ್ಯ್’ ಅಂತ ಸಿಳ್ಳೆ ಕೇಳುತ್ತದೆ. ಮುಳ್ಳು ಸ್ಟೇಷನ್ ಮೇಲೆ ಸರಿಯಾಗಿ ಕೂತು, ಐಎಫ್ 455ರಲ್ಲೇ ಇದ್ದರೆ ಆ ಸಿಳ್ಳೆ ಯಾವಾಗಲೂ 1 ಕಿಲೋಹರ್ಟ್ಸ್. ರಿಪೇರಿಯವನಿಗೆ ಇದಕ್ಕಿಂತ ಒಳ್ಳೆ ಗುರುತು ಬೇಕಾ?

ಎಫ್‌ಎಂ ಮಾಡಿದವರು ಜಾಣರು. ಬ್ಯಾಂಡ್ ಇರೋದು 88ರಿಂದ 108 ಮೆಗಾಹರ್ಟ್ಸ್, ಒಟ್ಟು 20. ಅವರು ಐಎಫ್ ಇಟ್ಟಿದ್ದು 10.7. ಇಮೇಜ್ ಅದರ ಎರಡು ಪಟ್ಟು ದೂರ, 21.4. ಹಾಗಾಗಿ ಒಂದು ಎಫ್‌ಎಂ ಸ್ಟೇಷನ್ ಇನ್ನೊಂದು ಎಫ್‌ಎಂ ಸ್ಟೇಷನ್ನಿಗೆ ಇಮೇಜ್ ಆಗಲು ಸಾಧ್ಯವೇ ಇಲ್ಲ. ಆದರೆ ಬ್ಯಾಂಡಿನ ಹೊರಗೆ ಯಾರೂ ಇಲ್ಲ ಅಂತಲ್ಲ. 118ರಿಂದ ಮೇಲೆ ವಿಮಾನದವರ ಮಾತುಕತೆ. 118ರಲ್ಲಿ 21.4 ಕಳೆದರೆ 96.6. ಬೆಂಗಳೂರಿನ ವಿಮಾನಗಳೆಲ್ಲ ಎಚ್‌ಎಎಲ್‌ನಲ್ಲೇ ಇಳಿಯುತ್ತಿದ್ದ ಕಾಲದಲ್ಲಿ, ಅಂದರೆ 2008ಕ್ಕೆ ಮುಂಚೆ, ನಾನು ಆ ಕಡೆ ಬಾಡಿಗೆಗಿದ್ದೆ. ಎಸ್.ಪಿ. ರೋಡಿನಲ್ಲಿ ಕೊಂಡ ಅಗ್ಗದ ಪಾಕೆಟ್ ಸೆಟ್ಟಿನಲ್ಲಿ ಎರಡು ಸ್ಟೇಷನ್‌ಗಳ ನಡುವಿನ ಖಾಲಿ ಜಾಗಕ್ಕೆ ಮುಳ್ಳು ಇಟ್ಟರೆ, ಗಂಟಲು ಕಟ್ಟಿದವರ ಹಾಗೆ ಯಾರೋ ಇಂಗ್ಲಿಷಿನಲ್ಲಿ ತುಂಡು ತುಂಡು ಮಾತಾಡುತ್ತಿದ್ದರು. ಪಕ್ಕದ ಮನೆ ಹುಡುಗ ಪೊಲೀಸ್ ವೈರ್‌ಲೆಸ್ ಅಂದುಕೊಂಡು ಬೆವತುಹೋಗಿದ್ದ. ಆ ಸೆಟ್ಟಿನ ಬಾಗಿಲಿಗೆ ಕಾವಲುಗಾರನೇ ಇರಲಿಲ್ಲ.

ಇಲ್ಲಿ ‘ತಿರಸ್ಕಾರ’ ಪದ ಯಾಕೆ ಸೋಲುತ್ತದೆ ಅನ್ನೋದು ಗೊತ್ತಾಗುತ್ತದೆ. ಕನ್ನಡದಲ್ಲಿ ತಿರಸ್ಕಾರ ಅಂದರೆ ಒಂದು ಚೂರು ಅವಮಾನವೂ ಇದೆ, ನೋಡಿ ಬೇಡ ಅನ್ನುವ ಮನಸ್ಸೂ ಇದೆ. ಕಾಯಿಲ್‌ಗೆ ಅಂಥ ಮನಸ್ಸಿಲ್ಲ. ಅದು ಯಾರನ್ನೂ ಪೂರ್ತಿ ಹೊರಗೂ ಹಾಕುವುದಿಲ್ಲ, ಕುಗ್ಗಿಸುತ್ತದೆ ಅಷ್ಟೇ. 60 ಡೆಸಿಬೆಲ್ ಅಂದರೆ ವೋಲ್ಟೇಜಿನಲ್ಲಿ ಸಾವಿರದಲ್ಲಿ ಒಂದು ಪಾಲು. ಆ ಒಂದು ಪಾಲು ಒಳಗೆ ಇದ್ದೇ ಇರುತ್ತದೆ.

ಮೈಯೊಳಗಿನ ರಿಜೆಕ್ಷನ್ ಇದಕ್ಕೆ ಪೂರ್ತಿ ವಿರುದ್ಧ. ಅಲ್ಲಿ ‘ನೀನು ಯಾರ ಕಡೆ’ ಅಂತ ಪ್ರತಿ ಜೀವಕೋಶವನ್ನೂ ಕೇಳುತ್ತಾರೆ. ಕಿಡ್ನಿ ಕಸಿ ಮಾಡಿಸಿಕೊಂಡವರು ಜೀವನಪೂರ್ತಿ ಮಾತ್ರೆ ನುಂಗೋದು ಆ ಕಾವಲುಗಾರನನ್ನು ಮಂಕು ಮಾಡೋದಕ್ಕೆ. 1954ರ ಡಿಸೆಂಬರ್‌ನಲ್ಲಿ ಬೋಸ್ಟನ್‌ನಲ್ಲಿ ಜೋಸೆಫ್ ಮರ್ರೆ ತಂಡ ಒಬ್ಬನ ಕಿಡ್ನಿಯನ್ನು ಅವನ ಅವಳಿ ಸೋದರನಿಗೆ ಹಾಕಿತು. ಮೊದಲು ಚರ್ಮದ ಚೂರು ಕಸಿ ಮಾಡಿ, ಇಬ್ಬರೂ ತದ್ರೂಪಿ ಅವಳಿಗಳೇ ಎಂದು ಖಾತ್ರಿ ಮಾಡಿಕೊಂಡಿದ್ದರು. ಮೈ ಗುರುತು ಹಿಡಿಯಲಿಲ್ಲ, ಕಿಡ್ನಿ ಕೆಲಸ ಮಾಡಿತು. ಅವರಿಗೆ ಅವಳಿ ಸಿಕ್ಕರೆ ಹಬ್ಬ. ನಮಗೆ ಮಿಕ್ಸರಿನೊಳಗೆ ಅವಳಿ ಸಿಕ್ಕರೆ ಮುಗಿಯಿತು ಕಥೆ.

ಮುಗಿಯಿತು ಅನ್ನೋದು ಹಳೇ ಸೆಟ್ಟಿನ ಮಾತು. ರಾಲ್ಫ್ ಹಾರ್ಟ್ಲಿ ಅನ್ನುವವನು 1928ರಷ್ಟು ಹಿಂದೆಯೇ ಪೇಟೆಂಟ್ ಪಡೆದ ಒಂದು ದಾರಿ ಇದೆ. ಒಂದು ಮಿಕ್ಸರ್ ಬದಲು ಎರಡು ಇಡಬೇಕು, ಎರಡನೆಯದಕ್ಕೆ ಆಸಿಲೇಟರನ್ನು ಕಾಲು ಸುತ್ತು, ಅಂದರೆ 90 ಡಿಗ್ರಿ, ತಡ ಮಾಡಿ ಕೊಡಬೇಕು. ಆಗ ಮೇಲಿನವನೂ ಕೆಳಗಿನವನೂ ಒಂದೇ ಹೆಜ್ಜೆ ಹಾಕುವುದಿಲ್ಲ. ಇನ್ನೊಂದು ಕಾಲು ಸುತ್ತು ಕೊಟ್ಟು ಎರಡನ್ನೂ ಸೇರಿಸಿದರೆ ಬೇಕಾದದ್ದು ಕೂಡಿಕೊಳ್ಳುತ್ತದೆ, ಬೇಡದ್ದು ತನ್ನನ್ನು ತಾನೇ ಹೊಡೆದುಕೊಳ್ಳುತ್ತದೆ. ಈಗಿನ ಫೋನಿನ ಚಿಪ್‌ಗಳಲ್ಲೂ ಕೆಲಸ ನಡೆಯೋದು ಈ 90 ಡಿಗ್ರಿ ಉಪಾಯದ ಮೇಲೆಯೇ. ತೊಂದರೆ ಅಂದರೆ ಎರಡು ದಾರಿಯೂ ಸರಿಸಮ ಇರಬೇಕು. 90ರ ಬದಲು 91 ಡಿಗ್ರಿ ಆದರೆ, ಬೇರೆಲ್ಲ ಸರಿಯಿದ್ದರೂ, ರಿಜೆಕ್ಷನ್ 41 ಡೆಸಿಬೆಲ್‌ಗೆ ನಿಂತುಬಿಡುತ್ತದೆ. ಆ ಒಂದು ಡಿಗ್ರಿಯ ಹಿಂದೆ ಓಡುತ್ತಾ ನನ್ನ ತಲೆಕೂದಲು ಅರ್ಧ ಉದುರಿದೆ.

ಮೇಷ್ಟ್ರ ಹಾಳೆ ಮೂರು ದಿನ ಮೇಜಿನ ಮೇಲೇ ಇತ್ತು. ‘ಬಿಂಬ ನಿಗ್ರಹ’ ಅಂತ ಬರೆದು ನೋಡಿದೆ. ಇಂದ್ರಿಯ ನಿಗ್ರಹದ ಹಾಗೆ ಕೇಳಿಸಿತು. ‘ಎದುರುಬಿಂಬ ಕುಗ್ಗಿಸುವಿಕೆ’ ಅರ್ಥಕ್ಕೆ ಹತ್ತಿರ, ಬಾಯಿಗೆ ದೂರ. ಕೊನೆಗೆ ‘ಇಮೇಜ್ ರಿಜೆಕ್ಷನ್: 60 ಡೆಸಿಬೆಲ್’ ಅಂತಲೇ ಬರೆದು ಪಕ್ಕದ ಖಾಲಿ ಜಾಗದಲ್ಲಿ ಎರಡು ಲೆಕ್ಕ ಹಾಕಿದೆ. 1067ರಲ್ಲಿ 612 ಕಳೆದರೆ 455. 1522ರಲ್ಲಿ 1067 ಕಳೆದರೆ 455. ಅದರ ಕೆಳಗೆ, ‘ಹುಡುಗರ ಕೈಯಲ್ಲಿ 675ಕ್ಕೂ 765ಕ್ಕೂ ಇದೇ ಲೆಕ್ಕ ಮಾಡಿಸಿ, ಆಮೇಲೆ ಹೆಸರು ಹೇಳಿ’ ಅಂತ ಬರೆದು ಕಳಿಸಿದೆ.