ಒಣಗಿದ ಹೂವಿನ ಪಕ್ಕದ ತಾರೀಕು

ಶಾಲೆಯ ದಿನಗಳಲ್ಲಿ ನೋಟ್‌ಬುಕ್ಕಿನ ನಡುವೆ ಅರಳಿ ಎಲೆ ಇಟ್ಟು ಒಣಗಿಸಿದ್ದು ನೆನಪಿದೆ ಅಲ್ವಾ? ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹದಲ್ಲಿ, ಅದನ್ನೇ ಶಿಸ್ತಾಗಿ ಮಾಡುತ್ತಾರೆ. ಗಿಡವನ್ನು ಒತ್ತಿ, ಒಣಗಿಸಿ, ದಪ್ಪ ಹಾಳೆಗೆ ಅಂಟಿಸುತ್ತಾರೆ. ಮೂಲೆಯಲ್ಲೊಂದು ಚೀಟಿ: ಎಲ್ಲಿ ಸಿಕ್ಕಿತು, ಯಾರು ಕಿತ್ತರು, ಯಾವತ್ತು.

ಈ 'ಯಾವತ್ತು' ಎಷ್ಟು ಬೆಲೆಬಾಳುತ್ತದೆ ಅಂತ ತೋರಿಸಿದ್ದು ಇಂಗ್ಲೆಂಡಿನ ಒಂದು ಪುಟ್ಟ ಹೂವು, ಅರ್ಲಿ ಸ್ಪೈಡರ್ ಆರ್ಕಿಡ್. ನಮ್ಮ ಮಲೆನಾಡಿನ ಸೀತಾಳೆಯ ಕುಟುಂಬದ್ದೇ. ಆದರೆ ಇದು ಮರದ ಮೇಲಲ್ಲ, ಸಸೆಕ್ಸ್ ಕೌಂಟಿಯ ಸುಣ್ಣಕಲ್ಲಿನ ಗುಡ್ಡಗಳಲ್ಲಿ, ಗಿಡ್ಡ ಹುಲ್ಲಿನ ನಡುವೆ ಬೆಳೆಯುತ್ತದೆ. ಹೂವಿನ ಕಂದು ತುಟಿ ಮಖಮಲ್ಲಿನ ಹಾಗೆ. ಅದರ ಮೇಲೆ ಬೂದುನೀಲಿ ಗೆರೆ. ದೂರದಿಂದ ನೋಡಿದರೆ ಜೇಡ ಕೂತ ಹಾಗೆ. ವಾಸನೆ ಮಾತ್ರ ಮಣ್ಣಿನಲ್ಲಿ ಬಿಲ ತೋಡುವ ಒಂದು ಜಾತಿಯ ಹೆಣ್ಣು ಜೇನುನೊಣದ್ದು. ಗಂಡು ನೊಣ ಮೋಸಹೋಗಿ ಬಂದು ಕೂರುತ್ತದೆ, ಪರಾಗ ಅಂಟಿಸಿಕೊಂಡು ಇನ್ನೊಂದು ಹೂವಿಗೆ ಹೋಗುತ್ತದೆ.

ಬ್ರೈಟನ್ ಹತ್ತಿರದ ಕ್ಯಾಸಲ್ ಹಿಲ್ ಗುಡ್ಡದಲ್ಲಿ ಸಸ್ಯವಿಜ್ಞಾನಿ ಮೈಕ್ ಹಚಿಂಗ್ಸ್ 1975ರಿಂದ 2006ರವರೆಗೆ ವರ್ಷ ವರ್ಷವೂ ಈ ಗಿಡಗಳ, ಅವು ಹೂ ಬಿಡುವ ಹೊತ್ತಿನ ಲೆಕ್ಕ ಇಟ್ಟರು. ಅದಕ್ಕೂ ಹಿಂದಿನ ಕಾಲದ ಸುದ್ದಿ ಬೇಕಿದ್ದರೆ? ಲಂಡನ್ನಿನ ಕ್ಯೂ ಸಸ್ಯತೋಟದ ಮತ್ತು ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಕಪಾಟುಗಳಲ್ಲಿ ಇದೇ ಹೂವಿನ ಹಾಳೆಗಳಿದ್ದವು. ಸಂಶೋಧಕರು 1848ರಿಂದ 1958ರವರೆಗಿನ 77 ಹಾಳೆಗಳನ್ನು ಆಯ್ದು, ಚೀಟಿಯಲ್ಲಿದ್ದ ತಾರೀಕನ್ನು ಆ ವರ್ಷದ ವಸಂತದ ತಾಪಮಾನದ ಜೊತೆ ಇಟ್ಟು ನೋಡಿದರು. ಬಿಸಿ 1 ಡಿಗ್ರಿ ಜಾಸ್ತಿಯಾದರೆ ಹೂವು ಸುಮಾರು 6 ದಿನ ಮುಂಚೆ ಅರಳಿತ್ತು. ಗುಡ್ಡದ ಮೇಲಿನ ಲೆಕ್ಕವೂ ಅದನ್ನೇ ಹೇಳಿತು. ಹವಾಮಾನ ಬದಲಾವಣೆ ಅನ್ನುವ ಮಾತೇ ಇಲ್ಲದ ಕಾಲದಲ್ಲಿ ಯಾರೋ ತಪ್ಪದೆ ತಾರೀಕು ಬರೆದಿಟ್ಟಿದ್ದರು. ಅವರಿಗೆ ಕೈಮುಗಿಯಬೇಕು ಅನಿಸುತ್ತದೆ.

ಮ್ಯೂಸಿಯಂನಲ್ಲಿ ಸೂಜಿ ಚುಚ್ಚಿಟ್ಟ ಜೇನುನೊಣಗಳಿಗೂ ಇಂಥ ಚೀಟಿ ಇರುತ್ತದೆ. 2014ರಲ್ಲಿ ಅವನ್ನೂ ಸೇರಿಸಿ ನೋಡಿದಾಗ ಆತಂಕದ ಸಂಗತಿ ಹೊರಬಿತ್ತು. 1 ಡಿಗ್ರಿ ಬಿಸಿಗೆ ಗಂಡು ನೊಣ ಸುಮಾರು 9 ದಿನ ಮುಂಚೆ ಹೊರಬರುತ್ತದೆ, ಹೆಣ್ಣು 15 ದಿನಕ್ಕಿಂತ ಜಾಸ್ತಿ. ಹೂವು ಮಾತ್ರ 6 ದಿನ. ಹೂ ಅರಳುವ ಹೊತ್ತಿಗೆ ನಿಜವಾದ ಹೆಣ್ಣು ನೊಣಗಳೇ ಸುತ್ತ ಹಾರಾಡುತ್ತಿದ್ದರೆ, ಗಂಡು ನೊಣ ಹೂವಿನ ಹತ್ತಿರ ಯಾಕೆ ಬರುತ್ತದೆ?