ಅರ್ಥವಾಯಿತು ಎಂಬುದು ಎದುರಿನವರಿಗೂ ತಿಳಿಯಬೇಕು

ಅಮೆರಿಕದ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಬಗ್ಗೆ ಟಿಪ್ಪಣಿ ಬರೆಯಿರಿ ಎಂದರೆ ಮನಃಶಾಸ್ತ್ರದ ವಿದ್ಯಾರ್ಥಿಗಳು ತಡವರಿಸದೆ ಮೂರು ಅಂಶ ಬರೆಯುತ್ತಾರೆ: ಸಮಾಲೋಚಕರು ಒಳಗೊಂದು ಹೊರಗೊಂದು ಆಗಿರಬಾರದು, ಬಂದವರನ್ನು ಷರತ್ತಿಲ್ಲದೆ ಒಪ್ಪಿಕೊಳ್ಳಬೇಕು, ಅವರ ಮನಸ್ಸನ್ನು ಅವರ ಕಡೆಯಿಂದಲೇ ಅರಿಯುವ ಪರಾನುಭೂತಿ ಇರಬೇಕು. ಅಂಕವೂ ಸಿಗುತ್ತದೆ. ಆದರೆ ರೋಜರ್ಸ್ 1957ರ ಪ್ರಬಂಧದಲ್ಲಿ ಮುಂದಿಟ್ಟದ್ದು ಆರು ಷರತ್ತು. ಇಬ್ಬರ ನಡುವೆ ಮಾನಸಿಕ ಸಂಪರ್ಕ ಇರಬೇಕೆಂಬುದು ಮೊದಲನೆಯದು. ಬಂದವರ ಒಳಗು ತಾಳ ತಪ್ಪಿ ಅವರು ಆತಂಕದಲ್ಲೋ ಅಧೀರತೆಯಲ್ಲೋ ಇರಬೇಕೆಂಬುದು ಎರಡನೆಯದು. ನಡುವಿನ ಮೂರು ಎಲ್ಲರಿಗೂ ಗೊತ್ತಿರುವಂಥವು. ಆರನೆಯದನ್ನು ಮಾತ್ರ ಹೆಚ್ಚಿನವರು ಓದಿ ಮರೆಯುತ್ತಾರೆ: ಸಮಾಲೋಚಕರ ಆ ಒಪ್ಪಿಗೆ, ಆ ಅರಿವು ಸಹಾಯ ಕೇಳಿ ಬಂದವರಿಗೆ, ಅಂದರೆ ಕ್ಲೈಂಟ್‌ಗೆ ಸ್ವಲ್ಪಮಟ್ಟಿಗಾದರೂ ತಲುಪಿರಬೇಕು.

ಆಪ್ತಸಮಾಲೋಚನೆ ಕಲಿಯುವವರು ಈ ಆರನೆಯದನ್ನೇ ಹಿಡಿದು ಶುರುಮಾಡಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಪ್ರಾಕ್ಟಿಕಲ್‌ನಲ್ಲಿ ‘ಬೇಸಿಕ್ ಸ್ಕಿಲ್ಸ್’ ಎಂದು ಕಲಿಸುವ ಗಮನ, ಮೌನ, ಪ್ರಶ್ನೆ, ಮರುಹೇಳಿಕೆ, ಭಾವನೆಯ ಪ್ರತಿಫಲನ, ಸಾರಾಂಶ, ಇವೆಲ್ಲ ನಮಗೆ ಅರ್ಥವಾದದ್ದನ್ನು ಎದುರಿನವರಿಗೆ ತಲುಪಿಸುವ ದಾರಿಗಳು. ಸಿಲಬಸ್‌ನಲ್ಲಿ ಥಿಯರಿ ಒಂದು ಪೇಪರ್, ಸ್ಕಿಲ್ಸ್ ಇನ್ನೊಂದು ಪೇಪರ್ ಆದ ಕೂಡಲೇ ಈ ನಂಟು ಕಡಿದುಹೋಗುತ್ತದೆ. ಫೀಲ್ಡ್‌ವರ್ಕ್‌ಗೆ ಹೋದಾಗ ರೋಜರ್ಸ್ ನೋಟ್ಸ್‌ನಲ್ಲೇ ಉಳಿಯುತ್ತಾರೆ, ಬಾಯಿಗೆ ಬರುವುದು ಮನೆಯಲ್ಲಿ ದೊಡ್ಡವರು ಹೇಳುತ್ತಿದ್ದ ಬುದ್ಧಿಮಾತು.

ಒಂದೇ ಒಂದು ಮಾತನ್ನು ಹತ್ತಿರದಿಂದ ನೋಡೋಣ. ಅಭ್ಯಾಸಕ್ಕೆಂದು ಕಟ್ಟಿದ ಉದಾಹರಣೆ ಇದು. ಹಾಸ್ಟೆಲ್‌ನಲ್ಲಿರುವ ಇಂಜಿನಿಯರಿಂಗ್ ಹುಡುಗನೊಬ್ಬ ಹೇಳುತ್ತಾನೆ: “ಈ ಸಲ ಹಬ್ಬಕ್ಕೆ ಊರಿಗೆ ಹೋಗಲ್ಲ ಅಂತಿದೀನಿ ಮೇಡಂ. ಎರಡು ಸಬ್ಜೆಕ್ಟ್ ಬ್ಯಾಕ್ ಇದೆ. ಅಪ್ಪ ಬೈಯಲ್ಲ, ಸುಮ್ನೆ ಇದ್ದುಬಿಡ್ತಾರೆ. ಅದೇ ಕಷ್ಟ.”

ಹೊಸಬರ ಬಾಯಿಂದ ಮೊದಲು ಬರುವ ಉತ್ತರ: “ಹಾಗೆಲ್ಲ ಅಂದ್ಕೋಬೇಡಿ, ಅಪ್ಪನಿಗೆ ನಿಮ್ಮ ಮೇಲೆ ಪ್ರೀತಿ ಇದ್ದೇ ಇರುತ್ತೆ.” ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅಪ್ಪನನ್ನು ನೋಡದೆಯೇ ಅವರ ಪರ ವಾದಿಸಿದಂತಾಯಿತು. ಎರಡನೆಯ ಉತ್ತರ: “ಯಾಕೆ ಬ್ಯಾಕ್ ಉಳೀತು?” ಹುಡುಗ ಈಗ ಕಾರಣ ಕೊಡಲು ತೊಡಗುತ್ತಾನೆ, ಅಪ್ಪನ ವಿಷಯ ಮುಚ್ಚಿಹೋಗುತ್ತದೆ. ಮೂರನೆಯದು: “ಬ್ಯಾಕ್ ಇರೋದ್ರಿಂದ ಹಬ್ಬಕ್ಕೆ ಹೋಗೋದು ಬೇಡ ಅನ್ನಿಸಿದೆ.” ಇದು ಮರುಹೇಳಿಕೆ. ತಪ್ಪಿಲ್ಲ, ಆದರೆ ಕೊನೆಯ ಎರಡು ಪದ ಕೈತಪ್ಪಿವೆ. ‘ಅದೇ ಕಷ್ಟ’ ಎಂದು ಆತ ನಿಲ್ಲಿಸಿದ ಜಾಗದಲ್ಲೇ ಇಡೀ ಮಾತಿನ ಭಾರ ಇರುವುದು. ನಾಲ್ಕನೆಯದು: “ಬೈದಿದ್ರೆ ಹೇಗೋ ತಡ್ಕೋಬಹುದಿತ್ತು. ಆ ಮೌನದ ಮುಂದೆ ನಿಲ್ಲೋಕೇ ಆಗ್ತಿಲ್ಲ.” ಇದು ಭಾವನೆಯ ಪ್ರತಿಫಲನ. ಐದನೆಯದು: “ಅಪ್ಪನ ಮೇಲಿನ ಸಿಟ್ಟನ್ನ ಒಳಗೇ ಅದುಮಿ ಇಟ್ಕೊಂಡಿದೀರ.” ಇದು ವ್ಯಾಖ್ಯಾನ. ನಿಜವಿದ್ದರೂ ಇರಬಹುದು, ಆದರೆ ಮೊದಲ ಹತ್ತು ನಿಮಿಷದಲ್ಲಿ ಹೇಳಿದರೆ ಆತ “ಹಾಗೇನಿಲ್ಲ” ಎಂದು ಬಾಗಿಲು ಹಾಕಿಕೊಳ್ಳುತ್ತಾನೆ.

ರಾಬರ್ಟ್ ಕಾರ್ಖಫ್ ಪರಾನುಭೂತಿಯನ್ನು ಅಳೆಯಲು ಐದು ಹಂತದ ಮಾಪಕ ರೂಪಿಸಿದರು. ಅದರ ಮೂರನೆಯ ಹಂತದಲ್ಲಿ ನಿಮ್ಮ ಮಾತು ಕ್ಲೈಂಟ್‌ನ ಮಾತಿಗೆ ಸಮನಾಗಿ ನಿಲ್ಲುತ್ತದೆ, ಅದರಿಂದ ಏನನ್ನೂ ಕಳೆಯುವುದಿಲ್ಲ, ಅದಕ್ಕೆ ಏನನ್ನೂ ಸೇರಿಸುವುದಿಲ್ಲ. ಕಲಿಕೆಯ ಮೊದಲ ವರ್ಷದಲ್ಲಿ ಗುರಿ ಅಷ್ಟೇ ಇರಲಿ. ನಾಲ್ಕು, ಐದಕ್ಕೆ ಹಾರಲು ಹೋದವರು ಮೇಲಿನ ಐದನೆಯ ಉತ್ತರದಲ್ಲಿ ಬೀಳುತ್ತಾರೆ.

ಪ್ರತಿಫಲನ ತಲುಪಿತೋ ಇಲ್ಲವೋ ಎಂದು ತಿಳಿಯುವುದು ಕ್ಲೈಂಟ್‌ನ ಮುಂದಿನ ಮಾತಿನಿಂದ. “ಹೌದು” ಎಂದು ಹೇಳಿ ತಾನಾಗಿ ಇನ್ನಷ್ಟು ಒಳಗೆ ಹೋದರೆ ತಲುಪಿದೆ. “ಹೂಂ” ಎಂದು ಸುಮ್ಮನಾದರೆ ಗೌರವಕ್ಕೆ ಒಪ್ಪಿದ್ದಾರೆ, ಅಷ್ಟೆ. “ಹಾಗಲ್ಲ ಮೇಡಂ, ಭಯ ಅಲ್ಲ ಅದು, ನಾಚಿಕೆ” ಎಂದು ತಿದ್ದಿದರೆ ಅದು ಸೋಲಲ್ಲ. ತಿದ್ದುವಷ್ಟು ಧೈರ್ಯ ಆತನಿಗೆ ನಿಮ್ಮ ಮುಂದೆ ಬಂದಿದೆ, ಸರಿಯಾದ ಪದವೂ ಸಿಕ್ಕಿದೆ. ಇನ್ನೊಂದು ಸೂಕ್ಷ್ಮ: ವಾಕ್ಯದ ಕೊನೆಗೆ ದನಿ ಇಳಿಯಬೇಕು. “ನಿಲ್ಲೋಕೇ ಆಗ್ತಿಲ್ವಾ?” ಎಂದು ಏರಿಸಿದರೆ ಅದೇ ಮಾತು ವಿಚಾರಣೆಯಾಗುತ್ತದೆ.

ಭಾವನೆಗೆ ಹೆಸರಿಡುವಾಗ ಪಠ್ಯದಲ್ಲಿ ಕಂಡ ಪದವನ್ನು ಹೊತ್ತು ತರಬೇಡಿ. ನಮ್ಮ ಜನ “ನನಗೆ ಖಿನ್ನತೆ” ಎನ್ನುವುದು ಕಡಿಮೆ. ಬೇಜಾರು, ಎದೆ ಭಾರ, ಹೊಟ್ಟೇಲಿ ಸಂಕಟ, ತಲೆ ಕೆಟ್ಟುಹೋಗಿದೆ, ಟೆನ್ಷನ್ ಎನ್ನುತ್ತಾರೆ. ‘ಬೇಜಾರು’ ಎಂದರೆ ದುಃಖ ಇರಬಹುದು, ಅವಮಾನ ಇರಬಹುದು, ಬರೀ ಹೊತ್ತು ಹೋಗದಿರುವುದೂ ಇರಬಹುದು. ಊಹಿಸುವ ಬದಲು “ಬೇಜಾರು ಅಂದ್ರಲ್ಲ, ಅದು ಹೇಗಿರುತ್ತೆ ಸ್ವಲ್ಪ ಹೇಳ್ತೀರಾ?” ಎಂದು ಕೇಳಿ, ಅವರ ಪದವನ್ನೇ ಬಳಸುತ್ತಾ ಹೋಗಿ.

ಹೊಸಬರ ಸೆಷನ್‌ಗಳನ್ನು ಹಾಳುಮಾಡುವುದು ಪ್ರಶ್ನೆಗಳ ಸರಮಾಲೆ. ಮೌನದ ಭಯಕ್ಕೆ ಒಂದಾದ ಮೇಲೊಂದು ಕೇಳುತ್ತಾ ಹೋಗುತ್ತಾರೆ. ಬದಲಾಗುವ ಮನಸ್ಸನ್ನು ಬಂದವರ ಬಾಯಿಂದಲೇ ಹೊರತರಲು ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರೋಲ್ನಿಕ್ ಬೆಳೆಸಿದ ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಪದ್ಧತಿಯಲ್ಲಿ ಸೆಷನ್‌ನ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕುತ್ತಾರೆ: ಒಂದು ಪ್ರಶ್ನೆಗೆ ಒಂದು ಪ್ರತಿಫಲನ ಇದ್ದರೆ ಸಾಧಾರಣ, ಎರಡು ಇದ್ದರೆ ಒಳ್ಳೆಯದು. ಕಲಿಯುವವರ ಮೊದಲ ಧ್ವನಿಮುದ್ರಣಗಳಲ್ಲಿ ಇದು ತಿರುವುಮುರುವಾಗಿರುತ್ತದೆ. ‘ಯಾಕೆ’ ಎಂಬ ಪ್ರಶ್ನೆಯನ್ನು ಮೊದಲ ಆರು ತಿಂಗಳು ಪೂರ್ತಿ ಬಿಟ್ಟೇಬಿಡಿ. ಮನೆಯಲ್ಲೂ ಶಾಲೆಯಲ್ಲೂ ಅದನ್ನು ನಾವು ಕೇಳಿಸಿಕೊಂಡದ್ದು ತಪ್ಪು ಮಾಡಿದಾಗಲೇ. “ಯಾಕೆ ಹೋಗಲ್ಲ?” ಎನ್ನುವ ಬದಲು “ಊರಿಗೆ ಹೋದ್ರೆ ಏನಾಗುತ್ತೆ ಅಂತ ಮನಸ್ಸಿಗೆ ಬರುತ್ತೆ?” ಎಂದರೆ ಅದೇ ಮಾಹಿತಿ ಸಿಗುತ್ತದೆ, ಸಮರ್ಥನೆ ಬೇಕಾಗುವುದಿಲ್ಲ.

ಕೂರುವ ರೀತಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜೆರಾರ್ಡ್ ಈಗನ್ ಹೇಳಿದ ಐದು ಅಂಶ, ಅಂದರೆ ಎದುರಾಗಿ ಕೂರುವುದು, ಕೈಕಾಲು ಕಟ್ಟಿಕೊಳ್ಳದಿರುವುದು, ತುಸು ಮುಂದೆ ಬಾಗುವುದು, ಕಣ್ಣಲ್ಲಿ ಕಣ್ಣಿಡುವುದು, ಸಡಿಲವಾಗಿರುವುದು, ಎಲ್ಲ ಪಠ್ಯಗಳಲ್ಲೂ ಇವೆ. ಅವನ್ನು ಕವಾಯತಿನಂತೆ ಪಾಲಿಸಬೇಡಿ. ನೇರ ಎದುರು ಕೂತು ದಿಟ್ಟಿಸಿದರೆ ಹಳ್ಳಿಯಿಂದ ಬಂದ ಹೆಣ್ಣುಮಗಳು ಮುದುಡಿಕೊಳ್ಳಬಹುದು. ಕುರ್ಚಿಯನ್ನು ಸ್ವಲ್ಪ ಓರೆಯಾಗಿ ಹಾಕಿ, ನೋಟ ಆಗಾಗ ಬೇರೆಡೆ ಹೋಗಿಬರಲು ಜಾಗ ಬಿಡಿ.

ಇದನ್ನೆಲ್ಲ ಅಭ್ಯಾಸ ಮಾಡುವುದು ಮೂವರ ಗುಂಪಿನಲ್ಲಿ: ಒಬ್ಬರು ಸಮಾಲೋಚಕ, ಒಬ್ಬರು ಕ್ಲೈಂಟ್, ಒಬ್ಬರು ವೀಕ್ಷಕ. ಹತ್ತು ನಿಮಿಷ ಮಾತು, ಐದು ನಿಮಿಷ ಚರ್ಚೆ. ಮೂವರ ಸರದಿಯೂ ಮುಗಿಯಲು 45 ನಿಮಿಷ. ಇಲ್ಲಿ ಸಾಮಾನ್ಯವಾಗಿ ಎಡವುವುದು ಕ್ಲೈಂಟ್ ಆಗುವವರು. ಸಿನಿಮಾದಂಥ ಕಥೆ ಕಟ್ಟಿ ನಟಿಸುತ್ತಾರೆ. ನಟನೆಯಲ್ಲಿ ನಿಜವಾದ ಭಾವನೆ ಇರುವುದಿಲ್ಲವಾದ್ದರಿಂದ ಪ್ರತಿಫಲನ ಸರಿಯೋ ತಪ್ಪೋ ಎಂದು ಹೇಳಲು ಅವರಿಗೇ ಆಗುವುದಿಲ್ಲ. ನಿಜವಾದ, ಆದರೆ ಸಣ್ಣ ವಿಷಯ ತನ್ನಿ: ರೂಮ್‌ಮೇಟ್ ಜೊತೆಗಿನ ಕಿರಿಕಿರಿ, ಬಾಕಿ ಉಳಿದ ಅಸೈನ್‌ಮೆಂಟ್. ಎಷ್ಟು ಕಾಡುತ್ತದೆ ಎಂಬುದಕ್ಕೆ ಹತ್ತಕ್ಕೆ ಅಂಕ ಹಾಕಿದರೆ ಮೂರಕ್ಕಿಂತ ಹೆಚ್ಚು ಬರುವ ವಿಷಯವನ್ನು ಸಹಪಾಠಿಯ ಅಭ್ಯಾಸಕ್ಕೆ ಒಡ್ಡಬೇಡಿ. ಅದಕ್ಕೆ ತರಬೇತಾದವರು ಬೇಕು. ಚರ್ಚೆಯಲ್ಲಿ ಮೊದಲು ಸಮಾಲೋಚಕ, ಆಮೇಲೆ ಕ್ಲೈಂಟ್, ಕೊನೆಗೆ ವೀಕ್ಷಕ ಮಾತಾಡಲಿ. ‘ಚೆನ್ನಾಗಿತ್ತು’ ಎಂಬುದು ವೀಕ್ಷಣೆಯಲ್ಲ. ಪ್ರಶ್ನೆ ಎಷ್ಟು, ಪ್ರತಿಫಲನ ಎಷ್ಟು, ಸಲಹೆ ಎಷ್ಟು, ಮಾತಿಗೆ ಅಡ್ಡ ಬಂದದ್ದು ಎಷ್ಟು ಸಲ ಎಂದು ಗೀಟು ಹಾಕಿ ಎಣಿಸಿರಬೇಕು.

ಕಲಿಕೆ ನಿಜವಾಗಿ ನಡೆಯುವುದು ಅದರ ನಂತರ, ಧ್ವನಿಮುದ್ರಿಸಿಕೊಂಡ ಮಾತನ್ನು ಅಕ್ಷರಶಃ ಬರೆದುಕೊಳ್ಳುವಾಗ. ಧ್ವನಿಮುದ್ರಣಕ್ಕೆ ಮೊದಲೇ ಒಪ್ಪಿಗೆ ಪಡೆಯಿರಿ, ಬೀಗವಿರುವ ಫೋನಿನಲ್ಲಷ್ಟೇ ಇಡಿ, ವಾಟ್ಸಾಪ್‌ನಲ್ಲಿ ಯಾರಿಗೂ ಕಳಿಸಬೇಡಿ, ಸೂಪರ್‌ವಿಷನ್ (ಮೇಲ್ವಿಚಾರಕರ ಜೊತೆಗಿನ ಚರ್ಚೆ) ಮುಗಿದ ಮೇಲೆ ಅಳಿಸಿ. ಹತ್ತು ನಿಮಿಷದ ಮಾತು ಬರೆಯಲು ಹೊಸಬರಿಗೆ ಗಂಟೆಯಾದರೂ ಹಿಡಿಯುತ್ತದೆ. ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿಕೊಳ್ಳಿ: ಯಾರು ಏನು ಹೇಳಿದರು, ನಾನು ಬಳಸಿದ್ದು ಯಾವ ಕೌಶಲ, ಆ ಗಳಿಗೆಯಲ್ಲಿ ನನ್ನೊಳಗೆ ಏನಾಗುತ್ತಿತ್ತು, ಈಗಾದರೆ ಏನು ಹೇಳುತ್ತೇನೆ. ಮೂರನೆಯ ಕಾಲಂ ಖಾಲಿ ಬಿಡುವವರೇ ಹೆಚ್ಚು. ‘ಕ್ಲೈಂಟ್ ಕಣ್ಣಲ್ಲಿ ನೀರು ಬಂತು, ನನಗೆ ಗಾಬರಿಯಾಗಿ ವಿಷಯ ಬದಲಿಸಿದೆ’ ಎಂದು ಅಲ್ಲಿ ಬರೆದವರಿಗೆ ತಾವು ಪ್ರಶ್ನೆ ಕೇಳಿದ್ದು ಯಾರ ಅನುಕೂಲಕ್ಕೆ ಎಂಬುದು ತಿಳಿಯುತ್ತದೆ.

ಅದೇ ಹಾಳೆಗೆ ‘ಈ ಮಾತನ್ನು ಯಾವ ಥಿಯರಿ ಹೇಗೆ ನೋಡುತ್ತದೆ’ ಎಂಬ ಐದನೆಯ ಕಾಲಂ ಸೇರಿಸಿದರೆ ಥಿಯರಿ ಒಳಗೆ ಬರುತ್ತದೆ. ಹಾಸ್ಟೆಲ್ ಹುಡುಗನ ಮಾತನ್ನೇ ತೆಗೆದುಕೊಳ್ಳಿ. ಯೋಚನೆ ತಿದ್ದುವ ಪದ್ಧತಿಯನ್ನು ರೂಪಿಸಿದ ಆರನ್ ಬೆಕ್ ದಾರಿಯಲ್ಲಿ ಹೋಗುವವರು ಅಪ್ಪ ಸುಮ್ಮನಿದ್ದ ಸನ್ನಿವೇಶಕ್ಕೂ ಹುಡುಗನ ಸಂಕಟಕ್ಕೂ ನಡುವೆ ಮಿಂಚಿ ಹೋದ ಯೋಚನೆಯನ್ನು ಹುಡುಕುತ್ತಾರೆ. “ಅಪ್ಪ ಮಾತಾಡದೆ ಎದ್ದು ಹೋದಾಗ ತಲೇಲಿ ಏನು ಬಂತು?” ಎಂದು ಕೇಳಿದರೆ “ನಾನು ಅವರ ಲೆಕ್ಕಕ್ಕೇ ಇಲ್ಲ” ಎಂಬ ಉತ್ತರ ಬರಬಹುದು. ಆಗ ಅದನ್ನು ಎಷ್ಟು ನಂಬುತ್ತಾನೆ ಎಂದು ನೂರಕ್ಕೆ ಇಂತಿಷ್ಟು ಎಂದು ಗುರುತಿಸಿ, ಆ ಯೋಚನೆಗೆ ಪರವಾದದ್ದು, ವಿರುದ್ಧವಾದದ್ದು ಎರಡನ್ನೂ ಜೊತೆಯಲ್ಲಿ ಬರೆಯುತ್ತಾರೆ. ಸ್ಟೀವ್ ಡಿ ಶೇಜರ್ ಮತ್ತು ಇನ್ಸೂ ಕಿಮ್ ಬರ್ಗ್ ರೂಪಿಸಿದ ಪರಿಹಾರ ಕೇಂದ್ರಿತ ಪದ್ಧತಿಯವರು ಸಮಸ್ಯೆ ಕಾಡದಿದ್ದ ಗಳಿಗೆಯನ್ನು ಕೇಳುತ್ತಾರೆ: “ಅಪ್ಪ ನಿಮ್ಮ ಜೊತೆ ಒಂಚೂರು ಮಾತಾಡಿದ್ದು ಯಾವಾಗ? ಆಗ ಏನು ಬೇರೆ ಇತ್ತು?” ಫ್ರಾಯ್ಡ್ ಪರಂಪರೆಯವರು ಇನ್ನೊಂದನ್ನು ಗಮನಿಸುತ್ತಾರೆ: ಅಪ್ಪನ ಮೌನದಿಂದ ನೊಂದ ಹುಡುಗನಿಗೆ ನಿಮ್ಮ ಮೌನವೂ ಹಾಗೆಯೇ ಕಾಣಬಹುದು. ಸ್ಕಿಲ್ಸ್ ಕ್ಲಾಸಿನಲ್ಲಿ ‘ಮೌನಕ್ಕೆ ಅವಕಾಶ ಕೊಡಿ’ ಎಂದು ಕಲಿತದ್ದನ್ನು ಈ ಹುಡುಗನ ಜೊತೆ ಯಾಂತ್ರಿಕವಾಗಿ ಬಳಸಿದರೆ ಆತ ಮುಂದಿನ ವಾರ ಬಾರದೇ ಇರಬಹುದು. ಸುಮ್ಮನಿರುವ ಮುನ್ನ “ನೀವು ಹೇಳಿದ್ದನ್ನೇ ಯೋಚಿಸ್ತಿದೀನಿ” ಎನ್ನುವ ಒಂದು ಮಾತು ಬೇಕು. ಥಿಯರಿ ಕೆಲಸಕ್ಕೆ ಬರುವುದು ಹೀಗೆ, ಯಾವ ಕೌಶಲ ಯಾರಿಗೆ ಯಾವಾಗ ಎಂದು ತೀರ್ಮಾನಿಸಲು.

ಎಲ್ಲವನ್ನೂ ಒಟ್ಟಿಗೆ ಬೆರೆಸುವ ಆಸೆ ಬೇಡ. ಒಂದು ವರ್ಷ ಒಂದೇ ಪದ್ಧತಿಯನ್ನು ಹಿಡಿದು, ಅದಕ್ಕೆ ನಾಲ್ಕು ಪ್ರಶ್ನೆ ಹಾಕಿ: ಸಂಕಟ ಹುಟ್ಟುವುದು ಹೇಗೆ ಎನ್ನುತ್ತದೆ, ಬದಲಾವಣೆ ಆಗುವುದು ಹೇಗೆ ಎನ್ನುತ್ತದೆ, ಸಮಾಲೋಚಕರಿಗೆ ಕೊಡುವ ಕೆಲಸ ಏನು, ಎಲ್ಲಿ ಇದು ಸಾಲದು. ‘ನಾನು ಎಕ್ಲೆಕ್ಟಿಕ್’ (ಹಲವು ಪದ್ಧತಿಗಳಿಂದ ಆಯ್ದು ಬಳಸುವವರು) ಎಂದು ಎರಡನೇ ಸೆಮಿಸ್ಟರ್‌ನಲ್ಲೇ ಹೇಳುವವರು ಈ ನಾಲ್ಕಕ್ಕೆ ಯಾವ ಪದ್ಧತಿಯ ಉತ್ತರವನ್ನೂ ಪೂರ್ತಿ ಕೊಡಲಾರರು. ಯೋಚನೆ ತಿದ್ದುವ ಪದ್ಧತಿ ಆರಿಸಿಕೊಂಡವರಿಗೆ ಒಂದು ಎಚ್ಚರಿಕೆ: ಭಾವನೆಯನ್ನು ಕೇಳಿಸಿಕೊಳ್ಳುವ ಮೊದಲೇ ಪುರಾವೆ ಕೇಳಿದರೆ ಅದು ಜಗಳದಂತೆ ಕೇಳಿಸುತ್ತದೆ.

ನಮ್ಮಲ್ಲಿ ಬರುವವರಲ್ಲಿ ಬಹಳ ಮಂದಿಗೆ ಬೇಕಾಗಿರುವುದು ಸಲಹೆ. “ನೀವೇ ಏನಾದ್ರೂ ಹೇಳಿ ಮೇಡಂ, ಅದಕ್ಕೇ ಬಂದಿದ್ದು” ಎನ್ನುತ್ತಾರೆ. “ನಾವು ಸಲಹೆ ಕೊಡುವುದಿಲ್ಲ” ಎಂಬ ಪಠ್ಯದ ಮಾತನ್ನು ಅವರ ಮುಖಕ್ಕೆ ಹಿಡಿಯಬೇಡಿ. ಎಡ್ವರ್ಡ್ ಬಾರ್ಡಿನ್ 1979ರಲ್ಲಿ ಸಮಾಲೋಚನೆಯ ಸಂಬಂಧಕ್ಕೆ ಮೂರು ಆಧಾರ ಹೇಳಿದರು: ಗುರಿಯಲ್ಲಿ ಒಮ್ಮತ, ಮಾಡುವ ಕೆಲಸದಲ್ಲಿ ಒಮ್ಮತ, ಇಬ್ಬರ ನಡುವಿನ ನಂಟು. ಇಲ್ಲಿ ಎರಡನೆಯದು ಕೂಡಿಬಂದಿಲ್ಲ. “ದಾರಿ ಬೇಕು ಅಂತ ಬಂದಿದೀರ, ಅದು ಸರಿ. ಇನ್ನೊಂದು ಸ್ವಲ್ಪ ಹೊತ್ತು ನಿಮ್ಮ ಪರಿಸ್ಥಿತಿ ಅರ್ಥ ಮಾಡ್ಕೊಂಡು, ಏನೇನು ಮಾಡಬಹುದು ಅಂತ ಇಬ್ಬರೂ ಸೇರಿ ನೋಡೋಣ, ಆಗಬಹುದಾ?” ಎಂದರೆ ಹೆಚ್ಚಿನವರು ಒಪ್ಪುತ್ತಾರೆ. ಜೊತೆಗೆ ಬಂದ ಅತ್ತೆಯೋ ಅಣ್ಣನೋ ಕ್ಲೈಂಟ್ ಪರವಾಗಿ ಉತ್ತರಿಸತೊಡಗಿದರೆ, ಐದು ನಿಮಿಷ ಅವರ ಮಾತನ್ನೂ ಗೌರವದಿಂದ ಕೇಳಿ, ಆಮೇಲೆ “ಈಗ ಇವರೊಬ್ಬರ ಜೊತೆ ಮಾತಾಡ್ತೀನಿ, ಕೊನೇಲಿ ನಿಮ್ಮನ್ನ ಕರೀತೀನಿ” ಎಂದು ಹೊರಗೆ ಕೂರಿಸಿ. ಕೊನೆಯಲ್ಲಿ ಏನು ಹೇಳಬೇಕು, ಏನು ಬೇಡ ಎಂದು ಕ್ಲೈಂಟ್ ಜೊತೆ ಮೊದಲೇ ಮಾತಾಡಿಕೊಂಡಿರಿ.

“ಯಾರಿಗೂ ಹೇಳಲ್ಲ” ಎಂದು ಭಾಷೆ ಕೊಡಬೇಡಿ. ಮೊದಲ ಭೇಟಿಯ ಆರಂಭದಲ್ಲೇ ಹೇಳಬೇಕಾದದ್ದು ಇಷ್ಟು: “ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ. ನಾನು ಇನ್ನೂ ಕಲೀತಾ ಇರೋದ್ರಿಂದ ನನ್ನ ಮೇಲ್ವಿಚಾರಕರ ಜೊತೆ ಮಾತ್ರ ಚರ್ಚಿಸ್ತೀನಿ. ನಿಮ್ಮ ಜೀವಕ್ಕೆ ಅಥವಾ ಬೇರೆಯವರ ಜೀವಕ್ಕೆ ಅಪಾಯ ಇದೆ ಅನ್ನಿಸಿದ್ರೆ, ಅಥವಾ ಮಗುವಿನ ಮೇಲೆ ದೌರ್ಜನ್ಯ ನಡೆದಿದ್ರೆ, ಸಂಬಂಧಪಟ್ಟವರಿಗೆ ತಿಳಿಸಬೇಕಾಗುತ್ತೆ.” 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ 18 ವರ್ಷದೊಳಗಿನವರ ಮೇಲಿನ ಲೈಂಗಿಕ ಅಪರಾಧ ಗೊತ್ತಾದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ವಿದ್ಯಾರ್ಥಿ ಎಂಬ ರಿಯಾಯಿತಿ ಇಲ್ಲ.

“ಬದುಕೇ ಬೇಡ ಅನ್ಸುತ್ತೆ” ಎಂಬ ಮಾತು ಬಂದರೆ ಸುತ್ತಿ ಬಳಸಿ ಕೇಳಬೇಡಿ. “ಸಾಯಬೇಕು ಅನ್ನೋ ಯೋಚನೆ ಬಂದಿದ್ಯಾ?” ಎಂದು ನೇರವಾಗಿ, ಮೆಲುದನಿಯಲ್ಲಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಆ ಹೊತ್ತಿಗೆ ಯಾವ ಥಿಯರಿಯನ್ನೂ ಪ್ರಯೋಗಿಸಲು ಹೋಗದೆ, ಅವರನ್ನು ಒಬ್ಬರೇ ಬಿಡದೆ, ಕೂಡಲೇ ಮೇಲ್ವಿಚಾರಕರಿಗೆ ಕರೆ ಮಾಡಿ. ಪೊಲೀಸ್ ಕೇಸಾಗುತ್ತದೆಂಬ ಹೆದರಿಕೆಯಿಂದ ಹಿಂದಿನ ಪ್ರಯತ್ನವನ್ನು ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸುತ್ತದೆ ಎಂದು ತಿಳಿಸಿ. ಮೇಲ್ವಿಚಾರಕರ ಫೋನ್ ನಂಬರ್, ಅವರು ಸಿಗದಿದ್ದರೆ ಕರೆ ಮಾಡಬೇಕಾದ ಇನ್ನೊಬ್ಬರ ನಂಬರ್, ಹತ್ತಿರದಲ್ಲಿ ಮನೋವೈದ್ಯರಿರುವ ಆಸ್ಪತ್ರೆ, ಕನ್ನಡದಲ್ಲೂ ಹಗಲು ರಾತ್ರಿ ಸಿಗುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416, ಮಕ್ಕಳ ಸಹಾಯವಾಣಿ 1098: ಇವಿಷ್ಟನ್ನು ಫೀಲ್ಡ್‌ವರ್ಕ್ ಡೈರಿಯ ಮೊದಲ ಪುಟದಲ್ಲಿ, ಮೊದಲ ಕ್ಲೈಂಟ್ ಬರುವ ಮುಂಚೆಯೇ ಬರೆದಿಟ್ಟುಕೊಂಡಿರಿ.